ಮೈನಸ್ 25ರಲ್ಲಿ ಓಡುವ ಇಂಟರ್ನೆಟ್ ಸೊನ್ನೆ ಡಿಗ್ರಿಯಲ್ಲಿ ಯಾಕೆ ನಿಲ್ಲುತ್ತದೆ?

ಸ್ಯಾಟಲೈಟ್ ಇಂಟರ್ನೆಟ್ ಹಾಕಿಸಿಕೊಂಡು ಮೊದಲ ಚಳಿಗಾಲ ಕಳೆಯುವವರಿಗೆ ಒಂದು ವಿಚಿತ್ರ ಎದುರಾಗುತ್ತದೆ. ಜನವರಿಯಲ್ಲಿ ಉಸಿರು ಬಿಟ್ಟರೆ ಮೀಸೆ ಮೇಲೆ ಐಸ್ ಕಟ್ಟುವ ಚಳಿ, ಮೈನಸ್ 25 ಡಿಗ್ರಿ ಸೆಲ್ಸಿಯಸ್. ಹೊರಗೆ ಪುಡಿ ಹಿಮ ಸುರಿಯುತ್ತಿರುತ್ತದೆ, ಒಳಗೆ ವಿಡಿಯೋ ಕಾಲ್ ಆರಾಮಾಗಿ ನಡೆಯುತ್ತಿರುತ್ತದೆ. ಮಾರ್ಚ್ ಬರುತ್ತದೆ, ಅಬ್ಬಾ ಚಳಿ ಇಳಿಯಿತು, ಸೊನ್ನೆಯ ಆಸುಪಾಸಿಗೆ ಬಂತು ಅನ್ನುವಷ್ಟರಲ್ಲಿ ದಪ್ಪ ದಪ್ಪ ಹಿಮ ಬೀಳಲು ಶುರು. ಸ್ವಲ್ಪ ಹೊತ್ತಿಗೆ ನೆಟ್ ಮಾಯ. ಹಿಮ ಎರಡು ಸಲವೂ ಬಿತ್ತು. ಎರಡನೇ ಸಲ ಮಾತ್ರ ಅದರಲ್ಲಿ ನೀರಿತ್ತು.

ಚಳಿಗಾಲದ ಸ್ಯಾಟಲೈಟ್ ಇಂಟರ್ನೆಟ್‌ನ ಮುಕ್ಕಾಲು ಪಾಲು ಕಥೆ ಇಷ್ಟೇ. ಡಿಶ್‌ಗೆ ಹಿಮ ಅಷ್ಟಾಗಿ ಕಾಟ ಕೊಡುವುದಿಲ್ಲ, ಕರಗುತ್ತಿರುವ ಹಿಮ ಕೊಡುತ್ತದೆ. ಯಾವಾಗ ಡಿಶ್ ಒರೆಸಬೇಕು, ಯಾವಾಗ ಸುಮ್ನೆ ಬಿಡಬೇಕು, ಹೀಟರ್ ಯಾವಾಗ ಹಾಕಬೇಕು, ಡಿಶ್ ಎಲ್ಲಿ ಕೂರಿಸಬೇಕು ಎಲ್ಲವನ್ನೂ ಇದೇ ತೀರ್ಮಾನಿಸುತ್ತದೆ. ಉಳಿದ ಕಾಲು ಪಾಲು ಕರೆಂಟಿನ ಕಥೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನಿರುವುದು ಅಮೆರಿಕದ ಮಿನ್ನೆಸೋಟದ ಉತ್ತರಕ್ಕೆ, ಸುಪೀರಿಯರ್ ಸರೋವರದ ಕಡೆ. ಡುಲೂತ್ ಪಟ್ಟಣದೊಳಗೆ ಕೇಬಲ್ ಇಂಟರ್ನೆಟ್ ಇದೆ. ಊರು ದಾಟಿ ಕಾಡಿನ ಕಡೆ ಹೋದರೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಬರೀ ಮರಗಳು. ಅಲ್ಲಿಯವರೆಗೆ ಫೈಬರ್ ಎಳೆಯುವ ಖರ್ಚನ್ನು ಯಾರೂ ಸುಲಭಕ್ಕೆ ಮೈಮೇಲೆ ಹಾಕಿಕೊಳ್ಳುವುದಿಲ್ಲ. ಮೊಬೈಲ್ ಸಿಗ್ನಲ್ ಗುಡ್ಡದ ಈ ಕಡೆ ಇದ್ದರೆ ಆ ಕಡೆ ಇಲ್ಲ. ಮಿಷಿಗನ್‌ನ ಅಪ್ಪರ್ ಪೆನಿನ್ಸುಲಾ, ಮೇನ್, ಮೊಂಟಾನಾ, ಕೆನಡಾದ ಒಂಟಾರಿಯೋದ ಉತ್ತರ ಭಾಗ, ಎಲ್ಲ ಕಡೆಯೂ ಇದೇ ಪಾಡು. ಮನೆಯಿಂದಲೇ ಕೆಲಸ ಅಂತಾದ ಮೇಲೆ ಪಟ್ಟಣ ಬಿಟ್ಟು ಇಂಥ ಕಡೆ ಮನೆ ಮಾಡಿದ ಕನ್ನಡದವರೂ ಇದ್ದಾರೆ. ಅವರಿಗೆ ನೆಟ್ ಹೋಯಿತು ಅಂದರೆ ಆಫೀಸೂ ಹೋಯಿತು, ಊರಿನ ಜೊತೆಗಿನ ವಾಟ್ಸಾಪ್ ಕಾಲೂ ಹೋಯಿತು.

ಎರಡು ಥರದ ಡಿಶ್

ಹ್ಯೂಸ್‌ನೆಟ್, ವಯಾಸ್ಯಾಟ್ ಕಂಪನಿಗಳದ್ದು ಹಳೆಯ ಪದ್ಧತಿ. ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ. ಅದು ಭೂಮಿ ತಿರುಗುವ ವೇಗಕ್ಕೇ ಸುತ್ತುವುದರಿಂದ ನಮಗೆ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಇರುತ್ತದೆ. ಬಾಗಿದ ತಟ್ಟೆಯೊಂದು ಅದರ ಕಡೆ ಮುಖ ಮಾಡಿ ಸಿಗ್ನಲ್ಲನ್ನು ಮುಂದಿರುವ ಕೊಂಬಿನಾಕಾರದ ಫೀಡ್‌ಗೆ ಕೂಡಿಸುತ್ತದೆ. ಊರಿನ ಡಿಟಿಎಚ್ ಡಿಶ್ ಕೆಲಸ ಮಾಡುವುದೂ ಹೀಗೇ.

ಸ್ಟಾರ್‌ಲಿಂಕ್‌ದು ಬೇರೆ ಲೆಕ್ಕ. ಅದರ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸಾವಿರಗಟ್ಟಲೆ ಸುತ್ತುತ್ತಿರುತ್ತವೆ. ಒಂದು ಉಪಗ್ರಹ ನಮ್ಮ ಪ್ಯಾನೆಲ್ಲಿನ ನೋಟದಲ್ಲಿ ಕೆಲವೇ ನಿಮಿಷ ಇರುತ್ತದೆ. ಹಾಗಾಗಿ ನೆಲದ ಮೇಲೆ ಬಾಗಿದ ತಟ್ಟೆ ಇಲ್ಲ, ಚಪ್ಪಟೆ ಪ್ಯಾನೆಲ್ ಇದೆ. ಅದರೊಳಗೆ ನೂರಾರು ಪುಟ್ಟ ಆಂಟೆನಾಗಳು. ಪ್ರತಿಯೊಂದರ ಸಿಗ್ನಲ್ಲನ್ನೂ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ, ಪ್ಯಾನೆಲ್ ಅಲುಗಾಡದೆಯೇ ಕಿರಣವನ್ನು ಒಂದು ಉಪಗ್ರಹದಿಂದ ಇನ್ನೊಂದಕ್ಕೆ ತಿರುಗಿಸುತ್ತಾರೆ.

ಸ್ಟಾರ್‌ಲಿಂಕ್ ಮನೆಗೆ ಸಿಗ್ನಲ್ ಕಳಿಸುವುದು 10.7ರಿಂದ 12.7 ಗಿಗಾಹರ್ಟ್ಸ್ ನಡುವೆ. ಡಿಟಿಎಚ್ ಕೂಡ ಇದೇ ಕೆಯು ಬ್ಯಾಂಡ್‌ನಲ್ಲಿ ಬರುತ್ತದೆ. ಹ್ಯೂಸ್‌ನೆಟ್, ವಯಾಸ್ಯಾಟ್ ಇನ್ನೂ ಮೇಲಿನ ಕೆಎ ಬ್ಯಾಂಡ್ ಬಳಸುತ್ತವೆ: ಇಳಿಯುವುದಕ್ಕೆ 20 ಗಿಗಾಹರ್ಟ್ಸ್ ಆಸುಪಾಸು, ಏರುವುದಕ್ಕೆ 30ರ ಆಸುಪಾಸು. ಗಿಗಾಹರ್ಟ್ಸ್ ಏರಿದಷ್ಟೂ ತರಂಗ ಚಿಕ್ಕದು, ತರಂಗ ಚಿಕ್ಕದಾದಷ್ಟೂ ನೀರಿನ ಕಾಟ ಜಾಸ್ತಿ. ಮಳೆಗಾಲದಲ್ಲಿ ಜೋರು ಮಳೆ ಬಂದ ಕೂಡಲೇ ಟಿವಿಯಲ್ಲಿ ಚೌಕ ಚೌಕ ಚಿತ್ರ ಬಂದು ಧಾರಾವಾಹಿ ನಿಲ್ಲುತ್ತದಲ್ವಾ, ಅದೇ ರೋಗದ ಚಳಿಗಾಲದ ರೂಪ ಇದು.

ನೀರಿಗೂ ಐಸಿಗೂ ಏನು ವ್ಯತ್ಯಾಸ?

ನೀರಿನ ಅಣುವಿನ ಒಂದು ತುದಿಗೆ ಸ್ವಲ್ಪ ಧನ ವಿದ್ಯುತ್, ಇನ್ನೊಂದಕ್ಕೆ ಸ್ವಲ್ಪ ಋಣ ವಿದ್ಯುತ್. ರೇಡಿಯೋ ತರಂಗ ಹಾದುಹೋದಾಗ ಅದರ ವಿದ್ಯುತ್ ಕ್ಷೇತ್ರ ಆಚೆ ಈಚೆ ತೂಗಾಡುತ್ತದೆ. ದ್ರವ ನೀರಿನಲ್ಲಿ ಅಣುಗಳಿಗೆ ತಿರುಗಲು ಜಾಗ ಇದೆ. ಅವು ತರಂಗದ ಜೊತೆ ತಿರುಗಲು ಹೋಗಿ, ಪಕ್ಕದ ಅಣುಗಳಿಗೆ ಉಜ್ಜಿ, ತರಂಗದ ಶಕ್ತಿಯನ್ನು ಶಾಖ ಮಾಡಿ ಕಳೆದುಬಿಡುತ್ತವೆ. ಐಸಿನಲ್ಲಿ ಅಣುಗಳು ಹರಳಿನ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿರುತ್ತವೆ. ತಿರುಗಲು ಆಗುವುದಿಲ್ಲ, ಹಾಗಾಗಿ ತರಂಗ ಹೆಚ್ಚು ನಷ್ಟವಿಲ್ಲದೆ ದಾಟಿಹೋಗುತ್ತದೆ.

ಇದನ್ನು ನೀವು ಅಡುಗೆಮನೆಯಲ್ಲೇ ನೋಡಿರುತ್ತೀರಿ. ಫ್ರೀಜರ್‌ನಿಂದ ತೆಗೆದ ಸಾರನ್ನು ಹಾಗೇ ಮೈಕ್ರೋವೇವ್ ಓವನ್‌ನಲ್ಲಿಟ್ಟರೆ ಅಂಚು ಕೊತಕೊತ ಕುದಿಯುತ್ತಿರುತ್ತದೆ, ನಡುವೆ ಇನ್ನೂ ಗಡ್ಡೆ. ಮೊದಲು ಎಲ್ಲಿ ಒಂದಿಷ್ಟು ಕರಗಿತೋ ಆ ನೀರೇ ಶಕ್ತಿಯನ್ನೆಲ್ಲ ಹೀರಿಕೊಳ್ಳುತ್ತದೆ, ಐಸಿನ ಪಾಲಿಗೆ ಹೆಚ್ಚೇನೂ ಉಳಿಯುವುದಿಲ್ಲ. ಡಿಶ್ ಮೇಲೂ ಹೀಗೇ. ಒಂದು ಇಂಚು ಒಣ ಹಿಮ ಕೂತಿದ್ದರೂ ನೆಟ್ ಓಡುತ್ತಿರುತ್ತದೆ. ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ನೀರಿನ ಪೊರೆ ಪ್ಯಾನೆಲ್ ಮೇಲೆ ಹರಡಿದರೆ ಸಿಗ್ನಲ್‌ನ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಖರ್ಚಾಗಬಹುದು.

ಗಾಳಿಯಲ್ಲಿ ಬೀಳುತ್ತಿರುವ ಹಿಮಕ್ಕೂ ಇದೇ ನಿಯಮ. ಒಣ ಹಿಮದ ಮೂಲಕ ಸಿಗ್ನಲ್ ಸಲೀಸಾಗಿ ಬರುತ್ತದೆ. ಆದರೆ ಹಿಮದ ಚಕ್ಕೆ ಸೊನ್ನೆ ಡಿಗ್ರಿಯ ಪದರಕ್ಕೆ ಇಳಿದಾಗ ಅದರ ಮೈಗೆ ನೀರಿನ ಲೇಪ ಬರುತ್ತದೆ. ಗಾತ್ರ ಚಕ್ಕೆಯದ್ದು, ಮೈ ನೀರಿನದ್ದು. ರೇಡಿಯೋ ತರಂಗದ ಲೆಕ್ಕದಲ್ಲಿ ಅದು ದೈತ್ಯ ಮಳೆಹನಿ. ಹವಾಮಾನ ರೇಡಾರ್‌ನಲ್ಲಿ ಈ ಕರಗುವ ಪದರ ಉಳಿದದ್ದಕ್ಕಿಂತ ಹೆಚ್ಚು ಹೊಳೆಯುವುದು ಇದಕ್ಕೇ. ಬೇಸಿಗೆಯ ಮಳೆಯಲ್ಲಿ ಈ ಪದರ ಕಿಲೋಮೀಟರ್‌ಗಟ್ಟಲೆ ಮೇಲಿರುತ್ತದೆ. ಮಾರ್ಚ್‌ನಲ್ಲಿ ಅದು ಇಳಿದು ಇಳಿದು ನಿಮ್ಮ ಅಂಗಳಕ್ಕೇ ಬಂದು ಕೂರುತ್ತದೆ.

ಸಿಗ್ನಲ್ ಕಡಿಮೆಯಾದ ಕೂಡಲೇ ನೆಟ್ ಕಡಿದುಹೋಗುವುದಿಲ್ಲ ಅನ್ನುವುದನ್ನೂ ಗಮನಿಸಿ. ಮೋಡೆಮ್ ಮೊದಲು ವೇಗ ಇಳಿಸಿ ಸಂಪರ್ಕ ಉಳಿಸಿಕೊಳ್ಳಲು ನೋಡುತ್ತದೆ. ಒಂದೇ ಹೊತ್ತಿಗೆ ತುಂಬಾ ಮಾಹಿತಿ ತುರುಕುವ ಬದಲು, ಸ್ವಲ್ಪ ಮಾಹಿತಿಯನ್ನು ಗಟ್ಟಿಯಾಗಿ, ತಪ್ಪು ತಿದ್ದಿಕೊಳ್ಳುವಂತೆ ಕಳಿಸುತ್ತದೆ. ಹಾಗಾಗಿ ವಿಡಿಯೋ ಮಸುಕಾಗಿ, ಆಮೇಲೆ ಸಿಕ್ಕಿಕೊಂಡು, ಕೊನೆಗೆ ನಿಲ್ಲುತ್ತದೆ. ಮಸುಕಾದಾಗಲೇ ಕಿಟಕಿಯಿಂದ ಡಿಶ್ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಮೀಟಿಂಗ್ ಉಳಿಯುತ್ತದೆ.

ಡಿಶ್ ಎಷ್ಟು ಓರೆ, ಹಿಮ ಎಲ್ಲಿ ಕೂರುತ್ತದೆ

ಬೆಂಗಳೂರಿನಿಂದ ನೋಡಿದರೆ ನಿಂತ ಉಪಗ್ರಹ ಹೆಚ್ಚೆಂದರೆ 75 ಡಿಗ್ರಿ ಎತ್ತರದಲ್ಲಿ, ಹತ್ತಿರ ಹತ್ತಿರ ನೆತ್ತಿಯ ಮೇಲೆ ಸಿಗುತ್ತದೆ. ಮಿನಿಯಾಪೊಲಿಸ್ ಇರುವ 45 ಡಿಗ್ರಿ ಅಕ್ಷಾಂಶದಲ್ಲಿ ಅದು 38 ಡಿಗ್ರಿಗೆ ಇಳಿಯುತ್ತದೆ. ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಬರೀ 17 ಡಿಗ್ರಿ, ದೊಡ್ಡ ಮರವೊಂದು ಅಡ್ಡ ಬಂದರೆ ಮುಗಿಯಿತು. ಅಷ್ಟು ಓರೆಯಾಗಿ ಬರುವ ಸಿಗ್ನಲ್ ಮೋಡ, ಹಿಮದ ಪದರದೊಳಗೆ ನೇರವಾಗಿ ಬರುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ದೂರ ನಡೆಯಬೇಕು.

ಆದರೆ ಇದರಲ್ಲೇ ಒಂದು ಅನುಕೂಲವೂ ಇದೆ. ಮನೆಗಳ ತಟ್ಟೆ ಡಿಶ್‌ಗಳಲ್ಲಿ ಫೀಡ್ ಅನ್ನು ನಡುವೆ ಇಡದೆ ಕೆಳಗೆ ಸರಿಸಿರುತ್ತಾರೆ. ಹಾಗಾಗಿ ಆಕಾಶ ನೋಡುತ್ತಿದ್ದರೂ ತಟ್ಟೆ ಹೆಚ್ಚು ಕಡಿಮೆ ನೆಟ್ಟಗೆ ನಿಂತಿರುತ್ತದೆ. ಫೇರ್‌ಬ್ಯಾಂಕ್ಸ್‌ನಂಥ ಕಡೆ ನೆಲದ ಕಡೆ ಬಾಗಿದಂತೆಯೂ ಕಾಣುತ್ತದೆ. ಒಣ ಹಿಮ ಅದರ ಮೇಲೆ ನಿಲ್ಲುವುದೇ ಇಲ್ಲ. ಗಾಳಿಗೆ ಬಡಿದು ಅಂಟುವ ಒದ್ದೆ ಹಿಮ ಮಾತ್ರ ನಿಲ್ಲುತ್ತದೆ, ಅದೂ ಕೆಳ ಅರ್ಧದಲ್ಲಿ ದಪ್ಪ, ಮೇಲೆ ತೆಳು. ತಟ್ಟೆಗೆ ತಾಗಿ ತಿರುಗುವ ಸಿಗ್ನಲ್ ಆ ಪದರವನ್ನು ಎರಡು ಸಲ ದಾಟಬೇಕು. ಮೇಲಾಗಿ ಪದರ ಒಂದೇ ದಪ್ಪ ಇಲ್ಲದಿದ್ದರೆ ಸಿಗ್ನಲ್‌ನ ಒಂದು ಭಾಗ ತಡವಾಗಿ ಬಂದು ಗುರಿ ಕೆಡುತ್ತದೆ.

ಇಂಥ ಡಿಶ್ ಇರುವವರು ತಟ್ಟೆಯನ್ನು ಚೊಕ್ಕ ಮಾಡಿ ಫೀಡ್ ಮರೆಯುತ್ತಾರೆ. ತಟ್ಟೆ ಕೂಡಿಸಿದ ಸಿಗ್ನಲ್ ಪೂರ್ತಿ ಹಾದುಹೋಗುವುದು ಆ ಅಂಗೈ ಅಗಲದ ಪ್ಲಾಸ್ಟಿಕ್ ಮುಚ್ಚಳದ ಮೂಲಕವೇ. ಅದರ ಮೇಲೆ ಕರಗುತ್ತಿರುವ ಒಂದು ಹಿಡಿ ಹಿಮ ಕೂತಿದ್ದರೆ ತಟ್ಟೆ ಎಷ್ಟು ಫಳಫಳ ಹೊಳೆದರೂ ಪ್ರಯೋಜನವಿಲ್ಲ. ಮೊದಲು ಒರೆಸಬೇಕಾದದ್ದು ಅದನ್ನೇ.

ಸ್ಟಾರ್‌ಲಿಂಕ್ ಪ್ಯಾನೆಲ್‌ನ ಕಷ್ಟ ಬೇರೆ. ಅದು ಆಕಾಶಕ್ಕೆ ಮುಖ ಮಾಡಿ ಮಲಗಿರುವುದೇ ಜಾಸ್ತಿ, ಹಿಮ ನೇರವಾಗಿ ಮೇಲೆ ಬೀಳುತ್ತದೆ. ಅಮೆರಿಕದ ಹೆಚ್ಚಿನ ಕಡೆ ಅದು ಉತ್ತರದ ಆಕಾಶದ ಕಡೆ ವಾಲಿರುತ್ತದೆ. ದಕ್ಷಿಣ ನೋಡುವ ಹಳೆಯ ತಟ್ಟೆಗೆ ಮಧ್ಯಾಹ್ನದ ಬಿಸಿಲಾದರೂ ಸಿಗುತ್ತದೆ. ಡಿಸೆಂಬರ್‌ನಲ್ಲಿ ಇಲ್ಲಿನ ಸೂರ್ಯ ದಿಗಂತದಿಂದ 20 ಡಿಗ್ರಿ ಮೇಲೇರುವುದೇ ಹೆಚ್ಚು. ಉತ್ತರಕ್ಕೆ ವಾಲಿದ ಪ್ಯಾನೆಲ್ ಮುಖಕ್ಕೆ ಆ ಬಿಸಿಲು ತಾಗುವುದೇ ಅಪರೂಪ. ಹಾಗಾಗಿ ಕರಗಿಸುವ ಕೆಲಸ ಕರೆಂಟೇ ಮಾಡಬೇಕು.

ಹಿಮ ಕರಗಿಸುವ ಲೆಕ್ಕ

ಸ್ಟಾರ್‌ಲಿಂಕ್‌ನ ಸ್ಟ್ಯಾಂಡರ್ಡ್ ಪ್ಯಾನೆಲ್ ಗಂಟೆಗೆ 40 ಮಿಲಿಮೀಟರ್‌ವರೆಗೆ ಹಿಮ ಕರಗಿಸಬಲ್ಲದು ಅಂತ ಕಂಪನಿ ಹೇಳುತ್ತದೆ. ಈ ಅಂಕಿಯ ಒಳಗೆ ಏನಿದೆ ಅಂತ ನೋಡೋಣ, ಲೆಕ್ಕ ಕಷ್ಟದ್ದಲ್ಲ.

ಪ್ಯಾನೆಲ್ ಸುಮಾರು 59 ಸೆಂಟಿಮೀಟರ್ ಉದ್ದ, 38 ಸೆಂಟಿಮೀಟರ್ ಅಗಲ. ಅದರ ಮೇಲೆ 40 ಮಿಲಿಮೀಟರ್ ಹಿಮ ಬಿದ್ದರೆ ಒಟ್ಟು 9 ಲೀಟರ್ ಹಿಮ. ಹಿಮ ಅಂದರೆ ಬಹುಪಾಲು ಗಾಳಿ. ಸಾಧಾರಣ ಹಿಮ ಹತ್ತು ಲೀಟರ್ ಕರಗಿದರೆ ಒಂದು ಲೀಟರ್ ನೀರು. ಅಂದರೆ ಪ್ಯಾನೆಲ್ ಮೇಲೆ ಬಿದ್ದ ನಿಜವಾದ ಐಸ್ ಸುಮಾರು 900 ಗ್ರಾಂ. ಒಂದು ಕಿಲೋ ಐಸ್ ಕರಗಿಸಲು 334 ಕಿಲೋಜೂಲ್ ಶಾಖ ಬೇಕು. 900 ಗ್ರಾಮಿಗೆ ಸುಮಾರು 300. ಅದನ್ನು ಒಂದು ಗಂಟೆಗೆ ಹಂಚಿದರೆ ಸುಮಾರು 85 ವಾಟ್.

ಈ ಪ್ಯಾನೆಲ್ ಮಾಮೂಲಿ ದಿನದಲ್ಲಿ ಎಳೆಯುವುದೇ 75ರಿಂದ 100 ವಾಟ್. ಅದರಲ್ಲಿ ಬಹುಪಾಲು ಒಳಗೆ ಶಾಖವಾಗಿಯೇ ಹೋಗುತ್ತದೆ. ಹಾಗಾಗಿ ಹೀಟರ್ ಆಫ್ ಇದ್ದರೂ ಪ್ಯಾನೆಲ್ ಪೂರ್ತಿ ತಣ್ಣಗಾಗುವುದಿಲ್ಲ. 2022ರ ಹೊಸ ವರ್ಷದ ಹೊತ್ತಿಗೆ ಹಿಮದ ನಡುವೆ ಒಂದೇ ಪ್ಯಾನೆಲ್ ಮೇಲೆ ಐದು ಬೆಕ್ಕುಗಳು ಮುದುಡಿ ಕೂತಿದ್ದ ಫೋಟೋ ಲೋಕವೆಲ್ಲ ಸುತ್ತಿತ್ತು. ಬೆಕ್ಕಿಗೆ ಬೆಚ್ಚಗಿನ ಜಾಗ ಹೇಳಿಕೊಡಬೇಕಾ? ಆದರೆ ಗಾಳಿ ಬೀಸಿದರೆ ಆ ಶಾಖದ ದೊಡ್ಡ ಪಾಲು ಹಾರಿಹೋಗುತ್ತದೆ. ಅದಕ್ಕೇ ಹಿಮ ಕರಗಿಸುವಾಗ ಪ್ಯಾನೆಲ್ ಮಾಮೂಲಿಗಿಂತ ಎಷ್ಟೋ ಹೆಚ್ಚು ಕರೆಂಟ್ ಎಳೆಯುತ್ತದೆ.

ಇನ್ನು ಹಿಮ ಭಾರದ್ದಾದರೆ? ಮಾರ್ಚ್‌ನ ಒದ್ದೆ ಹಿಮ ಐದು ಲೀಟರಿಗೆ ಒಂದು ಲೀಟರ್ ನೀರು ಕೊಡುತ್ತದೆ. ಅದೇ 40 ಮಿಲಿಮೀಟರಿಗೆ ಈಗ ಎರಡು ಪಟ್ಟು ತೂಕ. ಹಿಮ ಜೋರಾದರೆ? ಬೆಚ್ಚಗಿನ ಸರೋವರದ ಮೇಲೆ ತಣ್ಣನೆ ಗಾಳಿ ಹಾದು, ತೇವ ಹೊತ್ತು, ದಡ ಸೇರಿದ ಕೂಡಲೇ ಸುರಿಯುವ ಹಿಮ ಇಲ್ಲಿನ ಸರೋವರಗಳ ಸುತ್ತ ಮಾಮೂಲಿ. ಅದು ಗಂಟೆಗೆ 10 ಸೆಂಟಿಮೀಟರ್ ಬೀಳುವುದೂ ಉಂಟು. 2022ರ ನವೆಂಬರ್‌ನಲ್ಲಿ ಬಫಲೋ ನಗರದ ಪಕ್ಕದ ಆರ್ಚರ್ಡ್ ಪಾರ್ಕ್‌ನಲ್ಲಿ ಒಂದೇ ಬಿರುಗಾಳಿಗೆ ಎರಡು ಮೀಟರ್ ಹಿಮ ಬಿತ್ತು. ಆಗ ಯಾವ ಹೀಟರೂ ಕೈಚೆಲ್ಲುತ್ತದೆ. ಸ್ಟಾರ್‌ಲಿಂಕ್ ಮಿನಿಗೆ ಕಂಪನಿ ಹೇಳುವ ಮಿತಿ ಇನ್ನೂ ಕಡಿಮೆ, ಗಂಟೆಗೆ 25 ಮಿಲಿಮೀಟರ್. ಹಿಮದ ನಾಡಿನಲ್ಲಿ ಅದನ್ನೇ ಮನೆಯ ಮುಖ್ಯ ಸಂಪರ್ಕ ಮಾಡಿಕೊಳ್ಳುವುದು ನನಗೆ ಅಷ್ಟು ಸರಿ ಅನ್ನಿಸುವುದಿಲ್ಲ.

ಆ್ಯಪ್‌ನಲ್ಲಿ ಮೂರು ಆಯ್ಕೆ ಇದೆ: ಆಟೊಮ್ಯಾಟಿಕ್, ಪ್ರೀಹೀಟ್, ಆಫ್. ಆಟೊಮ್ಯಾಟಿಕ್‌ನಲ್ಲಿ ಬೇಕು ಅನ್ನಿಸಿದಾಗ ಅದೇ ಬಿಸಿಯಾಗುತ್ತದೆ. ಪ್ರೀಹೀಟ್ ಹಿಮ ಬೀಳುವ ಮೊದಲೇ ಬಿಸಿ ಮಾಡಿಟ್ಟುಕೊಳ್ಳುತ್ತದೆ. ಬಹಳ ಜನ ನವೆಂಬರ್‌ನಲ್ಲಿ ಪ್ರೀಹೀಟ್ ಹಾಕಿದರೆ ಏಪ್ರಿಲ್‌ವರೆಗೂ ತೆಗೆಯುವುದಿಲ್ಲ. ದಿನವಿಡೀ 50 ವಾಟ್ ಹೆಚ್ಚುವರಿ ಅಂದರೆ ತಿಂಗಳಿಗೆ 36 ಯೂನಿಟ್. ಬಿಲ್ಲಿನ ಮಾತು ಬಿಡಿ, ಕೆಲವು ದಿನ ಅದು ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ.

ಫೆಬ್ರವರಿಯ ಒಂದು ಬೆಳಿಗ್ಗೆ ಪ್ಯಾನೆಲ್ ಹತ್ತಿರ ಹೋಗಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಹೊರಗೆ ಮೈನಸ್ 18. ಪುಡಿ ಹಿಮ ಗಾಳಿಗೆ ಬೇಲಿ ಕಂಬದ ಮೇಲೆ ನಿಲ್ಲುತ್ತಿಲ್ಲ, ಕಾರಿನ ಬಾನೆಟ್ ಮೇಲೂ ನಿಲ್ಲುತ್ತಿಲ್ಲ. ಬಿಸಿಯಾಗಿರುವ ಪ್ಯಾನೆಲ್ ಮೇಲೆ ಮಾತ್ರ ಬಿದ್ದದ್ದು ಒದ್ದೆಯಾಗಿ ಅಂಟಿದೆ. ಅದರ ಮೇಲೆ ಇನ್ನಷ್ಟು ಕೂತಿದೆ. ಕರಗಿದ ನೀರು ಕೆಳಗಿನ ಅಂಚಿಗೆ ಇಳಿದು, ಅಲ್ಲಿ ಪ್ಲಾಸ್ಟಿಕ್ ತಣ್ಣಗಿರುವುದರಿಂದ ಮತ್ತೆ ಹೆಪ್ಪುಗಟ್ಟಿ ಎರಡು ಬೆರಳು ದಪ್ಪದ ಕಟ್ಟೆಯಾಗಿದೆ. ಆ ಕಟ್ಟೆ ಮೇಲಿನದ್ದು ಜಾರಲು ಬಿಡುತ್ತಿಲ್ಲ. ಕೆಲವೊಮ್ಮೆ ಪ್ಯಾನೆಲ್‌ಗೆ ತಾಗಿದ ಪದರ ಕರಗಿ ಟೊಳ್ಳಾಗಿ, ಮೇಲೆ ಐಸಿನ ಗೂಡು ಹಾಗೇ ನಿಲ್ಲುತ್ತದೆ. ಶಾಖ ಇನ್ನು ಅದಕ್ಕೆ ತಾಗುವುದಿಲ್ಲ.

ನನ್ನ ಲೆಕ್ಕ ಹೀಗೆ. ಮೈನಸ್ 12ಕ್ಕಿಂತ ಕೆಳಗೆ, ಗಾಳಿಯೂ ಇದ್ದರೆ ಆಫ್. ಒಣ ಹಿಮ ತಾನೇ ಹಾರಿಹೋಗುತ್ತದೆ, ಒಂದಿಷ್ಟು ಉಳಿದರೂ ಸಿಗ್ನಲ್ ದಾಟುತ್ತದೆ. ಮೈನಸ್ 4ರಿಂದ ಪ್ಲಸ್ 1ರ ನಡುವೆ ಹಿಮ ಅಂತ ಮುನ್ಸೂಚನೆ ಇದ್ದರೆ ಒಂದೆರಡು ಗಂಟೆ ಮೊದಲೇ ಪ್ರೀಹೀಟ್. ಉಳಿದ ದಿನ ಆಟೊಮ್ಯಾಟಿಕ್. ಎಷ್ಟು ಹಿಮ ಬೀಳುತ್ತದೆ ಅನ್ನುವುದಕ್ಕಿಂತ ಎಷ್ಟು ಡಿಗ್ರಿಯಲ್ಲಿ ಬೀಳುತ್ತದೆ ಅನ್ನುವುದನ್ನು ನೋಡಿ.

ಹಳೆಯ ಬಗೆಯ ತಟ್ಟೆಗಳಿಗೂ ಹಿಂದಿನಿಂದ ಅಂಟಿಸುವ ಹೀಟರ್ ಸಿಗುತ್ತದೆ. ಕೊಳ್ಳುವುದಾದರೆ ಫೀಡ್ ಅನ್ನೂ ಬೆಚ್ಚಗಿಡುವಂಥದ್ದು ನೋಡಿ.

ಪೊರಕೆ, ಏಣಿ, ಬಿಸಿನೀರು

ಒಳ್ಳೆಯ ಸಲಕರಣೆ ಅಂದರೆ ಮೆತ್ತನೆ ಪೊರಕೆ. ಉದ್ದ ಕೋಲಿನ ತುದಿಗೆ ಮೆತ್ತನೆ ಬ್ರಶ್ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು. ತಟ್ಟೆ ಡಿಶ್ ಆದರೆ ಮೇಲಿಂದ ಕೆಳಗೆ ಮೆಲ್ಲಗೆ ಎಳೆಯಿರಿ, ತಳ್ಳಬೇಡಿ. 75 ಸೆಂಟಿಮೀಟರ್ ತಟ್ಟೆಯ ಕಿರಣ 20 ಗಿಗಾಹರ್ಟ್ಸ್‌ನಲ್ಲಿ ಸುಮಾರು ಒಂದೂವರೆ ಡಿಗ್ರಿ ಅಗಲ ಅಷ್ಟೆ. ಸಿಟ್ಟಿನಲ್ಲಿ ಒಂದು ಗುದ್ದು ಕೊಟ್ಟರೆ ಒಂದು ಡಿಗ್ರಿ ಸರಿಯುವುದು ಕಷ್ಟವಲ್ಲ. ಆಮೇಲೆ ಹಿಮ ಹೋದರೂ ನೆಟ್ ಬರುವುದಿಲ್ಲ, ತಂತ್ರಜ್ಞ ಬರುವುದು ರಸ್ತೆ ತೆರೆದ ಮೇಲೆ.

ಬಿಸಿನೀರು ಸುರಿಯುವುದು ಬೇಡ. ಪ್ಲಾಸ್ಟಿಕ್ ಸೀಳಬಹುದು, ಸೀಳದಿದ್ದರೂ ಸುರಿದ ನೀರು ಕ್ಷಣದಲ್ಲಿ ಐಸಾಗಿ ಮೊದಲಿಗಿಂತ ಗಟ್ಟಿಯಾಗಿ ಕೂರುತ್ತದೆ. ಕಾರಿನ ಗಾಜು ಕೆರೆಯುವ ಸಲಕರಣೆಯೂ ಬೇಡ. ಅಡುಗೆ ಎಣ್ಣೆಯ ಸ್ಪ್ರೇ ಹೊಡೆಯುವುದು ಇಲ್ಲಿ ಹಳೆಯ ಮನೆಮದ್ದು. ನೀರು ಪೊರೆಯಾಗಿ ಹರಡದೆ ಹನಿಹನಿಯಾಗಿ ಉರುಳಿದರೆ ಒಳ್ಳೆಯದೇ, ಆದ್ದರಿಂದ ಅದರಲ್ಲಿ ಹುರುಳಿಲ್ಲ ಅನ್ನಲಾರೆ. ಆದರೆ ಕೆಲವೇ ದಿನದಲ್ಲಿ ತೊಳೆದುಹೋಗುತ್ತದೆ, ಬೇಸಿಗೆಗೆ ಧೂಳು ಹಿಡಿಯುತ್ತದೆ. ತಟ್ಟೆ ಡಿಶ್ ಮೇಲೆ ಯಾರಾದರೂ ಮಾಡಿಕೊಳ್ಳಲಿ, ದುಬಾರಿ ಪ್ಯಾನೆಲ್ ಮೇಲೆ ನಾನಂತೂ ಮಾಡುವುದಿಲ್ಲ.

ಏಣಿ ಹತ್ತುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಹಿಮ ಕೂತ ಇಳಿಜಾರು ಸೂರಿನ ಮೇಲೆ, ಕೈಗವಸು ಹಾಕಿಕೊಂಡು, ಕತ್ತಲಲ್ಲಿ, ನೆಟ್‌ಗಾಗಿ ಹತ್ತುವಂಥ ಮೀಟಿಂಗ್ ಯಾವುದೂ ಇಲ್ಲ. ಹತ್ತಬೇಕಾಗದಂತೆ ಸೆಪ್ಟೆಂಬರ್‌ನಲ್ಲೇ ಡಿಶ್ ಕೂರಿಸುವುದೇ ಜಾಣತನ. ನೆಲದಲ್ಲಿ ನೆಟ್ಟ ಕಂಬ, ಹಿಮದ ರಾಶಿಗಿಂತ ಮೇಲೆ, ಪೊರಕೆಗೆ ಎಟುಕುವಷ್ಟು ಕೆಳಗೆ. ತಗಡಿನ ಸೂರಿನ ಅಂಚಿನ ಕೆಳಗೆ ಮಾತ್ರ ಬೇಡ. ಬಿಸಿಲು ಬಂದ ದಿನ ಸೂರಿನ ಹಿಮವೆಲ್ಲ ಒಟ್ಟಿಗೆ ಜಾರಿ ಬೀಳುತ್ತದೆ, ಡಿಶ್ ಪುಡಿಯಾಗುತ್ತದೆ.

ಕಂಬದ ಬುಡವೂ ಮುಖ್ಯ. ನೆಲದೊಳಗಿನ ನೀರು ಹೆಪ್ಪುಗಟ್ಟಿದಾಗ ಉಬ್ಬುತ್ತದೆ, ಕಂಬವನ್ನು ಮೇಲೆತ್ತುತ್ತದೆ, ವಾಲಿಸುತ್ತದೆ. ಮಿನ್ನೆಸೋಟದ ಉತ್ತರ ಭಾಗದಲ್ಲಿ ಮನೆಯ ಪಾಯ ಐದು ಅಡಿ ಆಳ ಇರಬೇಕು ಅಂತ ಕಟ್ಟಡ ನಿಯಮವೇ ಇದೆ, ಇದೇ ಕಾರಣಕ್ಕೆ. ಕಂಬ ಸ್ವಲ್ಪ ವಾಲಿದರೆ ಸ್ಟಾರ್‌ಲಿಂಕ್ ಸಾಕಷ್ಟು ಸರಿದೂಗಿಸಿಕೊಳ್ಳುತ್ತದೆ, ತಟ್ಟೆ ಡಿಶ್ ಕುರುಡಾಗುತ್ತದೆ. ಕೇಬಲ್ ಎಲ್ಲಿ ಹೋಗಿದೆ ಅನ್ನುವುದಕ್ಕೆ ಎತ್ತರದ ಗುರುತಿನ ಕಡ್ಡಿ ನೆಟ್ಟಿಡಿ. ಹಿಮ ಎಸೆಯುವ ಯಂತ್ರಕ್ಕೆ ಕೇಬಲ್ ಕಾಣುವುದಿಲ್ಲ.

ಮರಗಳನ್ನೂ ಒಮ್ಮೆ ನೋಡಿ. ಬರ್ಚ್, ಮೇಪಲ್ ಎಲೆ ಉದುರಿಸಿದ ಮೇಲೆ ನೋಟ ಬಿಚ್ಚಿಕೊಳ್ಳುತ್ತದೆ. ಸ್ಪ್ರೂಸ್, ಪೈನ್ ಹಾಗಲ್ಲ. ಹಿಮದ ಭಾರಕ್ಕೆ ಕೊಂಬೆಗಳು ಬಾಗಿ ಮೊದಲು ಅಡ್ಡ ಇಲ್ಲದಿದ್ದ ಕಡೆ ಅಡ್ಡ ಬರುತ್ತವೆ, ಜೊತೆಗೆ ಹೊತ್ತ ಹಿಮವೂ ಒದ್ದೆಯದ್ದಾಗಿದ್ದರೆ ಕೇಳುವುದೇ ಬೇಡ.

ಕರೆಂಟ್ ಹೋದರೆ

ಹಿಮಕ್ಕಿಂತ ಹೆದರಬೇಕಾದದ್ದು ಹೆಪ್ಪುಗಟ್ಟುವ ಮಳೆಗೆ. ಮೇಲೆ ಬೆಚ್ಚಗಿನ ಗಾಳಿಯಲ್ಲಿ ಮಳೆಯಾಗಿ ಹೊರಟದ್ದು, ಕೆಳಗಿನ ತಣ್ಣನೆ ಪದರ ತೆಳುವಾಗಿರುವುದರಿಂದ ಹೆಪ್ಪುಗಟ್ಟಲು ಹೊತ್ತು ಸಿಗದೆ, ತಂತಿಗೋ ಕೊಂಬೆಗೋ ತಾಗಿದ ಕೂಡಲೇ ಗಾಜಾಗುತ್ತದೆ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹೀಗೇ ಐಸಿನ ಭಾರಕ್ಕೆ ದೊಡ್ಡ ವಿದ್ಯುತ್ ಗೋಪುರಗಳೇ ಮಡಚಿಕೊಂಡವು. ಕೆಲವು ಕಡೆ ವಾರಗಟ್ಟಲೆ ಕರೆಂಟ್ ಇರಲಿಲ್ಲ.

ಸ್ಯಾಟಲೈಟ್ ಇಂಟರ್ನೆಟ್‌ಗೆ ಬೀದಿಯ ಕೇಬಲ್ ಬೇಡ, ಅದೇ ಅದರ ದೊಡ್ಡ ಗುಣ. ಆದರೆ ಕರೆಂಟ್ ಬೇಕೇ ಬೇಕು. ಬೆಂಗಳೂರಿನ ಮನೆಗಳಲ್ಲಿ ಯುಪಿಎಸ್ ಮಾಮೂಲಿ ಸಾಮಾನು, ಇಲ್ಲಿನ ಎಷ್ಟೋ ಮನೆಗಳಲ್ಲಿ ಅದರ ಯೋಚನೆಯೇ ಇಲ್ಲ. ಲೋಡ್ ಶೆಡ್ಡಿಂಗ್ ನೋಡಿ ಬೆಳೆದ ನಮಗೆ ಇಲ್ಲಿ ಒಂದು ಅನುಕೂಲ. 100 ವಾಟ್ ಎಳೆಯುವ ಪ್ಯಾನೆಲ್ ದಿನಕ್ಕೆ 2.4 ಯೂನಿಟ್ ತಿನ್ನುತ್ತದೆ. ಒಂದು ಯೂನಿಟ್‌ನ ಬ್ಯಾಟರಿ ಪೆಟ್ಟಿಗೆ ಇಟ್ಟುಕೊಂಡರೆ ಎಂಟು ಒಂಬತ್ತು ಗಂಟೆ. ಹೀಟರ್ ಓಡುತ್ತಿದ್ದರೆ ಅದರ ಅರ್ಧವೂ ಬರಲಿಕ್ಕಿಲ್ಲ. ಕರೆಂಟ್ ಹೋದ ಕೂಡಲೇ ಮೊದಲ ಕೆಲಸ ಹಿಮ ಕರಗಿಸುವುದನ್ನು ಆಫ್ ಮಾಡಿ ಪೊರಕೆ ಹಿಡಿಯುವುದು. ರಾತ್ರಿ ಮಲಗುವಾಗ ಎಲ್ಲವನ್ನೂ ಆರಿಸಿಬಿಡಿ, ಬೆಳಿಗ್ಗೆಗೆ ಉಳಿಯುತ್ತದೆ.

ಬ್ಯಾಟರಿ ಮನೆಯೊಳಗೇ ಇರಲಿ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಅದು ಒಳಗಿಂದ ಕೆಡುತ್ತದೆ. ಜನರೇಟರ್ ಮಾತ್ರ ಯಾವತ್ತೂ ಮನೆಯೊಳಗೂ ಬೇಡ, ಗ್ಯಾರೇಜ್‌ನಲ್ಲೂ ಬೇಡ, ಕಿಟಕಿ ಪಕ್ಕವೂ ಬೇಡ. ಅದು ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಿರುಗಾಳಿ ಮುಗಿದ ಮೇಲೂ ಇಲ್ಲಿ ಜನ ಸಾಯುವುದು ಅದರಿಂದ. ಇನ್ನೊಂದು ವಿಷಯ: ಮೊಬೈಲ್ ಟವರ್ ಸಿಗದ ಮನೆಗಳಲ್ಲಿ ಫೋನ್ ಕೂಡ ವೈಫೈ ಮೇಲೇ ನಡೆಯುತ್ತದೆ. ಡಿಶ್ ನಿಂತರೆ ತುರ್ತಿನ 911 ಕರೆಯೂ ನಿಲ್ಲುತ್ತದೆ. ಪಕ್ಕದ ಮನೆಯವರ ಹತ್ತಿರ ಲ್ಯಾಂಡ್‌ಲೈನ್ ಇದೆಯಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ತಪ್ಪು ನಮ್ಮ ಡಿಶ್‌ದೇನಾ?

ಡಿಶ್ ಚೊಕ್ಕ ಇದೆ, ಕರೆಂಟ್ ಇದೆ, ಆದರೂ ನೆಟ್ ಕುಂಟುತ್ತಿದೆ ಅನ್ನುವುದೂ ಆಗುತ್ತದೆ. ನಮ್ಮ ಮಾಹಿತಿ ಉಪಗ್ರಹದಿಂದ ಮತ್ತೆ ನೆಲಕ್ಕೆ, ಇನ್ನೆಲ್ಲೋ ಇರುವ ಕಂಪನಿಯ ದೊಡ್ಡ ಕೇಂದ್ರಕ್ಕೆ ಇಳಿಯುತ್ತದೆ. ಅಲ್ಲಿ ಬಿರುಗಾಳಿ ಇದ್ದರೂ ಇಲ್ಲಿ ತೊಂದರೆ. ಕಂಪನಿಗಳು ಒಂದು ಕೇಂದ್ರ ಕೆಟ್ಟರೆ ಇನ್ನೊಂದಕ್ಕೆ ಬದಲಾಯಿಸುತ್ತವೆ, ಸ್ವಲ್ಪ ಹೊತ್ತು ಹಿಡಿಯಬಹುದು. ಇಲ್ಲವಾದರೆ ಕಾರಣ ಇನ್ನೂ ಸರಳ. ಹಿಮಕ್ಕೆ ಶಾಲೆಗೆ ರಜೆ ಕೊಟ್ಟ ದಿನ ಸುತ್ತಲಿನ ಮಕ್ಕಳೆಲ್ಲ ಮನೆಯಲ್ಲಿ ಕೂತು ವಿಡಿಯೋ ನೋಡುತ್ತಿರುತ್ತಾರೆ.

2025ರ ಜೂನ್‌ನಲ್ಲಿ ಭಾರತದ ದೂರಸಂಪರ್ಕ ಇಲಾಖೆ ಸ್ಟಾರ್‌ಲಿಂಕ್‌ಗೆ ಪರವಾನಗಿ ಕೊಟ್ಟ ಮೇಲೆ ಊರಿನವರೂ ಈ ಬಗ್ಗೆ ಕೇಳುತ್ತಾರೆ. ಲಡಾಖ್, ಸ್ಪಿತಿಯಂಥ ಕಡೆ ಮೇಲೆ ಹೇಳಿದ್ದೆಲ್ಲ ಹಾಗೇ ಅನ್ವಯಿಸುತ್ತದೆ. ಅಲ್ಲಿನ ಚಳಿ ಒಣ ಚಳಿ, ಒಂದು ರೀತಿಯಲ್ಲಿ ಒಳ್ಳೆಯದೇ. ಮಲೆನಾಡಿನಲ್ಲಿ ಹಿಮದ ಮಾತಿಲ್ಲ, ಆದರೆ ಜುಲೈನ ಆಗುಂಬೆ ಈ ತಂತ್ರಜ್ಞಾನಕ್ಕೆ ಜನವರಿಯ ಮಿನ್ನೆಸೋಟಕ್ಕಿಂತ ಕಠಿಣ ಪರೀಕ್ಷೆ ಅಂತ ನನಗನ್ನಿಸುತ್ತದೆ. ಅಲ್ಲಿ ಬೀಳುವುದೆಲ್ಲ ದ್ರವ ನೀರು. ಹೀಟರ್ ಹಾಕಿ ಕರಗಿಸೋಣ ಅಂದರೆ ಕರಗಲು ಏನೂ ಇಲ್ಲ, ಜೋರು ಮಳೆ ಹಾದುಹೋಗುವವರೆಗೆ ಕಾಯಬೇಕು.

ಕೊನೆಗೆ, ಹಿಮದ ತಲೆಗೆ ಕಟ್ಟುವ ಒಂದು ಸುಳ್ಳು ಆರೋಪ. ನಿಂತ ಉಪಗ್ರಹದ ಸೇವೆ ಇರುವವರಿಗೆ ಮಾರ್ಚ್ ಮೊದಲ ವಾರದ ಆಸುಪಾಸು ದಿನಾ ಒಂದೇ ಹೊತ್ತಿಗೆ ಕೆಲವು ನಿಮಿಷ ನೆಟ್ ಹೋಗುತ್ತದೆ. ಆ ದಿನಗಳಲ್ಲಿ ಸೂರ್ಯ ಡಿಶ್‌ನಿಂದ ನೋಡಿದರೆ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬರುತ್ತಾನೆ, ಅವನ ರೇಡಿಯೋ ಗದ್ದಲದಲ್ಲಿ ಸಿಗ್ನಲ್ ಮುಳುಗುತ್ತದೆ. ಅಕ್ಟೋಬರ್‌ನಲ್ಲೂ ಒಮ್ಮೆ ಹೀಗಾಗುತ್ತದೆ. ಕರ್ನಾಟಕದ ಡಿಟಿಎಚ್‌ಗೂ ಇದು ತಪ್ಪಿದ್ದಲ್ಲ, ಅಲ್ಲಿ ಮಾರ್ಚ್ ನಡುವಿನ ಹೊತ್ತಿಗೆ ಬರುತ್ತದೆ. ಆಕಾಶ ನಿಚ್ಚಳವಾಗಿ, ಡಿಶ್ ಮೇಲೆ ಹಿಮವಿಲ್ಲದೆ, ನಿನ್ನೆಯ ಹೊತ್ತಿಗೇ ಇವತ್ತೂ ನೆಟ್ ಹೋದರೆ ಪೊರಕೆ ತೆಗೆದುಕೊಂಡು ಹೊರಗೆ ಹೋಗಬೇಡಿ. ನಾಳೆ ಆ ಹೊತ್ತಿಗೆ ಮೀಟಿಂಗ್ ಇಟ್ಟುಕೊಳ್ಳದಿದ್ದರೆ ಸಾಕು.